ಪೆನ್ಸಿಲ್ ಗುರುತು ಬಿಟ್ಟು ಸರಿದ ದಾರ

ಮತ್ತೆ ಸರಿದಿದೆ, ಕೂದಲೆಳೆಯಷ್ಟು, ಆದರೂ ಸರಿದಿದೆ — ಬೆಳಿಗ್ಗೆ ನಾನೇ ತಂಬೂರಿಯ ಕುದುರೆಯ ಮೇಲೆ, ತಂತಿಗಳನ್ನು ಹೊತ್ತ ಆ ಪಟ್ಟಿಯ ಮೇಲೆ, ಪೆನ್ಸಿಲ್ಲಿನಿಂದ ಗುರುತು ಮಾಡಿಟ್ಟಿದ್ದೆ, ನಾಲ್ಕು ತಂತಿಗಳ ಕೆಳಗೆ ನಾಲ್ಕು ಬಿಳಿ ದಾರ, ದಾರ ಸರಿಯಾದ ಜಾಗಕ್ಕೆ ಬಂದರೆ ತಾನೆ ತಂತಿ ಬಾಯಿಬಿಟ್ಟು ಝೇಂಕರಿಸುವುದು, ಈಗ ನೋಡಿದರೆ ಮೊದಲನೆಯದು ಗುರುತಿನಿಂದ ಈಚೆ, ದಾರಕ್ಕೇನು ಕಾಲಿವೆಯೇ, ಯಾರೋ ಕೈ ಹಚ್ಚಿದ್ದಾರೆ, ಮನೆಯಲ್ಲಿರುವವರೇ ಮೂವರು, ನಾನು, ಹೆಂಡತಿ ಜಾನಕಿ, ಮಗಳು ಸಂಪದಾ, ಧೂಳು ಒರೆಸುವ ನೆವದಲ್ಲಿ ಜಾನಕಿಯೇ ಇರಬೇಕು — ಏ ಜಾನಕಿ, ತಂಬೂರಿ ಒರಸಿದೇನ? ಇಲ್ಲರಿ, ನಾ ಅದರ ಹತ್ರನೂ ಹೋಗಿಲ್ಲ, ಹಾಗಂದು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು, ಮುಖ ನೋಡಲಿಲ್ಲ, ಯಾಕೆ ನೋಡಲಿಲ್ಲ, ನಾಳೆ ಬದಾಮಿಯಲ್ಲಿ ಸಂಪದಾ ಮೊದಲ ಸಲ ಒಂದು ತಾಸು ಒಬ್ಬಳೇ ಹಾಡುವವಳು, ಹದಿನಾಲ್ಕು ವರ್ಷದಿಂದ ಅವಳ ತಂಬೂರಿ ಶ್ರುತಿ ಮಾಡಿದ ಕೈ ಇದು, ನಾಳೆಯೂ ಇದೇ ಕೈ.

ಈ ಇಯರ್‌ಫೋನನ್ನೂ ನಂಬುವ ಹಾಗಿಲ್ಲ, ತಂಬೂರಿಯನ್ನು ಮೊಬೈಲಿನಲ್ಲಿ ಹಿಡಿದು ಕೇಳಿದರೆ ಮೇಲೆ ಕಂಬಳಿ ಹೊದಿಸಿದಂತೆ, ಬಾಸ್ ಮಾತ್ರ ಗುಮ್ಮೆನ್ನುತ್ತದೆ, ಟ್ರೆಬಲ್ ಎಲ್ಲಿ ಹೋಯಿತು, ಡಬ್ಬಿ ಅಸಲಿ ಒಳಗಿನದು ನಕಲಿ, ಅಂಗಡಿಯ ಅರ್ಷದನಿಗೆ ಬದಲಿಸಿ ಕೊಡು ಎಂದರೆ ತನ್ನ ಕಿವಿಗೆ ಹಾಕಿಕೊಂಡವನೇ ಥಟ್ಟನೆ ಕಿತ್ತ, ಸರ್, ಟ್ರೆಬಲ್ ಪೂರಾ ಮ್ಯಾಗ ಏರಿಸೀರಲ್ರಿ, ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ತದ, ಬ್ಯಾಲೆನ್ಸ್ ತಪ್ಪೇದ — ನನಗೇ ಬ್ಯಾಲೆನ್ಸ್ ಕಲಿಸುತ್ತಾನೆ, ವಿದ್ಯಾಗಿರಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿದವನಿಗೆ, ಬೋರ್ಡಿನ ಮೇಲೆ ಗೀಟು ಎಳೆದು ತೋರಿಸಿದವನಿಗೆ, ಈ ಕಡೆ ಬಾಸ್, ನಡುವೆ ಮನುಷ್ಯರ ಮಾತು, ಆ ತುದಿಗೆ ಟ್ರೆಬಲ್, ಬಳೆಯ ಸದ್ದು, ತಂಬೂರಿಯ ಝೇಂಕಾರ ಎಲ್ಲ ಆ ತುದಿಯಲ್ಲೇ, ವಯಸ್ಸಾದ ಹಾಗೆ ಕಿವಿ ಮೊದಲು ಬಿಡುವುದೂ ಆ ತುದಿಯನ್ನೇ, ಬರಕೊಳ್ರಿ, ಪರೀಕ್ಷಾದಾಗ ಬರ್ತದ — ಇರಲಿ, ಅದು ಮುದುಕರ ವಿಷಯ, ನನಗಿನ್ನೂ ಅರವತ್ತೊಂದು, ಹೋದ ತಿಂಗಳು ಕಲಾದಗಿಯಲ್ಲಿ, ನಾನು ವೇದಿಕೆಯ ಮೇಲೆಯೇ ತಂಬೂರಿ ಶ್ರುತಿ ಮಾಡಿಕೊಟ್ಟ ದಿನ, ಹಾರ್ಮೋನಿಯಂ ನುಡಿಸಿದ ವಿಠ್ಠಲ ಅಂದನಂತೆ, ತಂಬೂರಿ ಭಾಳ ಕರ್ಕಶ ಆಗೇದ, ಯಾರು ಹಚ್ಚಿದ್ರು, ಅವನಿಗೆ ಮೊದಲಿನಿಂದ ಹೊಟ್ಟೆಕಿಚ್ಚು, ಅರ್ಷದ, ವಿಠ್ಠಲ, ಎಲ್ಲರೂ ಕೂಡಿಯೇ ಮಾತಾಡಿಕೊಂಡಂತಿದೆ.

ಇವತ್ತು ಹಿಡಿದೇ ತೀರಬೇಕು, ದಾರವನ್ನು ಮತ್ತೆ ಗುರುತಿಗೆ ತಂದಿಟ್ಟೆ, ಪ್ಯಾಟಿಗೆ ಹೋಗಿ ಬರ್ತೇನಿ ಎಂದು ಕೂಗಿ ಹೇಳಿದೆ, ಚಪ್ಪಲಿ ಸಪ್ಪಳ ಮಾಡುತ್ತ ಗೇಟಿನವರೆಗೆ ಹೋಗಿ ಬರಿಗಾಲಲ್ಲಿ ತಿರುಗಿ ಬಂದು ನನ್ನದೇ ಮನೆಯ ಕಿಟಕಿಯ ಹೊರಗೆ ಕಳ್ಳನ ಹಾಗೆ ನಿಂತೆ, ಬಂದವಳು ಸಂಪದಾ, ತಂಬೂರಿ ಮೀಟಿದಳು, ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು, ಬಾಗಿಲ ಕಡೆ ಒಮ್ಮೆ ನೋಡಿ ಬೆರಳ ತುದಿಯಿಂದ ದಾರವನ್ನು ಈಚೆ ಎಳೆದಳು, ಮತ್ತೆ ಮೀಟಿದಳು, ಮುಖ ಅರಳಿತು, ಹಿಂದೆಯೇ ಬಂದು ನಿಂತಿದ್ದ ಜಾನಕಿ ಕೈ ಎತ್ತಿ ಸಾಕು ಎಂದಳು, ಈಗ ಹದಕ್ಕ ಬಂತು ನೋಡವಾ, ಅಪ್ಪಗ ಹೇಳಬ್ಯಾಡ, ಭಾಳ ನೊಂದ್ಕೋತಾರ. ಇಲ್ಲವ್ವಾ, ಎರಡು ವರ್ಷ ಹೇಳಿಲ್ಲ, ನಾಳೆ ಹೇಳ್ತೇನೇನ — ಎರಡು ವರ್ಷ, ಎರಡು ವರ್ಷದಿಂದ ನಾನು ಕೆಡಿಸುತ್ತಿದ್ದೇನೆ, ಇವರು ಸರಿಪಡಿಸುತ್ತಿದ್ದಾರೆ, ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಯಾಕೆಂದರೆ ದಾರ ಎಳೆಯುವ ಮೊದಲು ಕೇಳಿದೆ, ಎಳೆದ ಮೇಲೆಯೂ ಕೇಳಿದೆ, ನನಗೆ ಎರಡೂ ಒಂದೇ, ಜಾನಕಿ ಇಳಿಸಿದ ಕೈಯ ತುಂಬ ಹಸಿರು ಬಳೆ, ಮೊಳಕೈಯಿಂದ ಮಣಿಕಟ್ಟಿಗೆ ಜಾರಿದವು, ಸದ್ದೇ ಇಲ್ಲ, ಸಂಪದಾ ಎರಡನೆಯ ತಂತಿಗೆ ಬೆರಳು ತರುತ್ತಾಳೆ, ಬಿಳಿ ದಾರ, ಈಚೆ ಬರುತ್ತದೆ, ಅವಳು ನಗುತ್ತಾಳೆ, ನನಗೆ ಆ ಝೇಂಕಾರ ಕೇಳುವುದಿಲ್ಲ, ಮೂರನೆಯದು, ಬೆರಳು, ಬಿಳಿ ದಾರ