ಯರಗುಪ್ಪಿ ಮಣ್ಣಿನಲ್ಲಿ ಸುಮಕ್ಕ

ಸುಮಕ್ಕ ಸತ್ತು ಒಂದೆರಡು ತಿಂಗಳಾದ ಮೇಲೆ ನನ್ನ ಲ್ಯಾಪ್‌ಟಾಪಿಗೆ ಬಂದಳು. ನಾನು ದೆವ್ವ-ಭೂತ ನಂಬುವವಳಲ್ಲ. ಸಂಶಿಯ ಸಣ್ಣ ಡಿಗ್ರಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ, ತಾಯತ ಕಟ್ಟಿಕೊಂಡು ಬಂದ ಹುಡುಗರನ್ನು ಕಾಡಿಸುತ್ತೇನೆ. ಆದರೂ ಬಂದಳು ಎಂದೇ ಹೇಳುತ್ತೇನೆ. ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು.

ಹೊಸ ಸಿಲೆಬಸ್ಸಿನಲ್ಲಿ ಕಂಪ್ಯೂಟರಿನ ಮೇಲೆ ಜೀವಶಾಸ್ತ್ರ ಮಾಡುವ ಒಂದು ಪೇಪರ್ ಬಂತು. ಕಲಿಸಬೇಕಾದ ನಮಗೇ ಅದನ್ನು ಯಾರೂ ಕಲಿಸಿರಲಿಲ್ಲ. ಒಂದೊಂದು ಕಾಲೇಜಿಗೆ ನಾವು ಒಬ್ಬೊಬ್ಬರೇ. ಕೇಳೋಣವೆಂದರೆ ಪಕ್ಕದ ಕೋಣೆಯಲ್ಲಿ ಇತಿಹಾಸದ ಮಾಸ್ತರು. ಆಗ ಕುಂದಗೋಳದ ಕಾಲೇಜಿನಲ್ಲಿದ್ದ ಸುಮಂಗಲಾ, ಅಂದರೆ ನಮ್ಮ ಸುಮಕ್ಕ, ನನ್ನನ್ನೂ ಕಲಘಟಗಿಯ ಕಾಶಿನಾಥನನ್ನೂ ಇನ್ನೊಬ್ಬಿಬ್ಬರನ್ನೂ ಹುಡುಕಿ ಹಿಡಿದು ಒಂದು ಬಳಗ ಕಟ್ಟಿದಳು. ಶನಿವಾರ ಮಧ್ಯಾಹ್ನ ಫೋನಿನ ಪರದೆಯ ಮೇಲೆ ಸೇರುವುದು, ಆ ವಾರ ಒಬ್ಬರ ತಲೆಗೆ ಹತ್ತಿದ್ದನ್ನು ಉಳಿದವರಿಗೆ ಹೇಳಿಕೊಡುವುದು. ಗುರು ಇಲ್ಲ, ಶಿಷ್ಯ ಇಲ್ಲ.

"ಕುರುಡರ ಕೈ ಕುರುಡರು ಹಿಡದಂಗ ಆತಲ್ಲ" ಎಂದು ನಾನು ಅಣಕಿಸಿದರೆ, "ಕೈ ಬಿಡದಿದ್ರ ಸಾಕ ಲೇ ಅರ್ಫಾ. ಬಾವಿ ಬಂದ್ರ ಎಲ್ಲಾರೂ ಕೂಡೇ ಬೀಳೂಣು" ಎಂದಿದ್ದಳು.

ಬಳಗದ ಮೊದಲ ಕೆಲಸ ಮಣ್ಣಿನದು. ನಮ್ಮ ಕಡೆಯ ಕಪ್ಪು ಎರೆಹೊಲಗಳಲ್ಲಿ ಎಂಥೆಂಥ ಸೂಕ್ಷ್ಮಜೀವಿಗಳಿವೆ ಎಂದು ಮಕ್ಕಳಿಂದ ಹುಡುಕಿಸುವುದು. ಮಣ್ಣನ್ನು ಬೆಂಗಳೂರಿನ ಒಂದು ಲ್ಯಾಬಿಗೆ ಕಳಿಸಿದರೆ, ಅದರೊಳಗಿನ ಜೀವಗಳ ಡಿಎನ್‌ಎ ಓದಿ ಲಕ್ಷಾಂತರ ಚೂರುಗಳಾಗಿ ವಾಪಸು ಕಳಿಸುತ್ತಾರೆ. ಒಂದೊಂದು ಚೂರಿಗೆ ರೀಡ್ ಎನ್ನುತ್ತೇವೆ. ನಾಲ್ಕೇ ಅಕ್ಷರಗಳಲ್ಲಿ ಬರೆದ ತುಂಡು ಸಾಲುಗಳು. ಯಾವ ಸಾಲು ಯಾವ ಜೀವದ್ದು ಎಂದು ಕಂಪ್ಯೂಟರಿನಲ್ಲಿ ಹೊಂದಿಸುವುದೇ ಪಾಠ.

ಐದನೆಯ ಸ್ಯಾಂಪಲ್ ಯರಗುಪ್ಪಿಯಲ್ಲಿ ಸುಮಕ್ಕನ ಮನೆಯದೇ ಹೊಲದಿಂದ ತೆಗೆದದ್ದು. ಕಡಲೆ ಕಿತ್ತು ಹೊಲ ಖಾಲಿ ಬಿದ್ದಿತ್ತು. ಮಕ್ಕಳಿಗೆಲ್ಲ ಕೈಗವಸು ಹಾಕಿಸಿ ಇವಳೇ ತನ್ನದನ್ನು ಕಿತ್ತೆಸೆದು, ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿಕೊಂಡು, ಥೂ ಎಂದು ಅಲ್ಲೇ ಉಗುಳಿದಳು.

"ಸವಳ ಏನಿಲ್ಲ. ಹೊಲ ಚಲೋ ಐತಿ" ಎಂದು ಅಲ್ಲಿಂದಲೇ ಕೊಳವೆ ತುಂಬಿದಳು. ಒಕ್ಕಲುತನದ ಮನೆಯವಳು, ಅವಳ ಅಪ್ಪ ಹಾಗೆಯೇ ಮಣ್ಣಿನ ಉಪ್ಪು ನೋಡುತ್ತಿದ್ದನಂತೆ.

ನನಗೆ ಸಿಟ್ಟು ನೆತ್ತಿಗೇರಿತು. "ಸ್ಯಾಂಪಲ್ ಕೆಡಿಸಿದೆಲ್ಲ ಸುಮಕ್ಕಾ! ನಿನ್ನ ಎಂಜಲ ಎಲ್ಲಾ ಅದರಾಗ ಬಂತು."

"ಸೋಸಿದ್ರ ಆತು. ನಾ ಕಲಿಸಿಲ್ಲೇನು?"

ಕಲಿಸಿದ್ದಳು. ಅಗೆದವರ ಬೆವರು, ಎಂಜಲು ಮಣ್ಣಿಗೆ ಸೇರಿಯೇ ಸೇರುತ್ತದೆ. ಆದ್ದರಿಂದ ಬಳಗದ ನಿಯಮ: ಎಲ್ಲಕ್ಕಿಂತ ಮೊದಲು ಮನುಷ್ಯರ ರೀಡ್‌ಗಳನ್ನು ಸೋಸಿ, ಒಳಗೆ ಇಣುಕದೆ ಅಳಿಸಬೇಕು. "ಯಾರು ಅಗದಾರ ಅಂತ ನಮಗ ಗೊತ್ತಿರ್ತೈತಿ. ಒಬ್ಬರ ಮೈಯ ಗುಟ್ಟು ಅವರದs" ಎಂದು ಆ ನಿಯಮ ಮಾಡಿದವಳೂ ಅವಳೇ.

ಆಮೇಲೆ ಒಂದು ದಿನ ತರಗತಿಗೆಂದು ಮೆಟ್ಟಿಲು ಹತ್ತುತ್ತಿದ್ದವಳು ಹಾಗೆಯೇ ಕುಸಿದು ಹೋದಳು. ವಯಸ್ಸು ಇನ್ನೂ ಮೂವತ್ತನಾಲ್ಕು. ಮದುವೆ ಆಗಿರಲಿಲ್ಲ. ಹಾರ್ಟ್ ಅಟ್ಯಾಕ್ ಎಂದರು ಹಲವರು, ದೃಷ್ಟಿ ಎಂದರು ಕೆಲವರು. ಮನೆಯಲ್ಲಿ ಉಳಿದವರು ತಾಯಿ ಕಸ್ತೂರೆವ್ವ ಮತ್ತು ತಂಗಿ ಅಮೃತಾ. ತಂದೆ ಮೊದಲೇ ಕಾಮಾಲೆಯಾಗಿ ಹೋಗಿದ್ದ. ಅಮೃತಾ ನಮ್ಮ ಕಾಲೇಜಿನಲ್ಲೇ ಬಿ.ಎಸ್ಸಿ. ಕೊನೆಯ ವರ್ಷ. ಒಡಹುಟ್ಟಿದವಳಿಗೆ ತಾನೇ ಪಾಠ ಹೇಳಬಾರದು ಎಂದು ಸುಮಕ್ಕನೇ ತಂದು ನನ್ನ ಕೈಗೆ ಹಾಕಿದ್ದಳು.

ಮಣ್ಣಿನ ರೀಡ್‌ಗಳು ಲ್ಯಾಬಿನಿಂದ ಬಂದದ್ದು ಆಮೇಲೆ. ಬೇರೆ ಸ್ಯಾಂಪಲ್‌ಗಳಲ್ಲಿ ಮನುಷ್ಯರದು ಒಂದು ಚಮಚೆಯಷ್ಟು, ಐದನೆಯದರಲ್ಲಿ ರಾಶಿ. ಅಳಿಸುವ ಆಜ್ಞೆ ಬರೆದೆ. ಒತ್ತಲು ಬೆರಳು ಏಳಲಿಲ್ಲ. ಹೊಲ ಬಿಟ್ಟು, ಮನೆ ಬಿಟ್ಟು, ಎಲ್ಲರನ್ನೂ ಬಿಟ್ಟು ಹೋದವಳು ಇಲ್ಲಿ ಸಾಲುಸಾಲಾಗಿ ಬಿದ್ದಿದ್ದಾಳೆ. "ಸೋಸs ಲೇ" ಎಂದು ಬೆನ್ನ ಹಿಂದೆ ಅವಳದೇ ದನಿ. ತಿರುಗಿ ನೋಡಿದರೆ ಸ್ಟಾಫ್ ರೂಮಿನ ಖಾಲಿ ಕುರ್ಚಿಗಳು. ಅಂದಿನಿಂದ ಅವಳು ನನ್ನನ್ನು ಬಿಡಲಿಲ್ಲ. ಅನ್ನಕ್ಕೆ ಕೂತರೆ ಎದುರಿಗೆ, ಬಸ್ಸಿನಲ್ಲಿ ಪಕ್ಕಕ್ಕೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಷ್ಟರಲ್ಲಿ ಅಮೃತಾ ಬಂದು ಕೇಳಿದಳು. "ಮೇಡಂ, ಐದನೇದ್ದು ನನಗ ಕೊಡ್ರಿ. ಅಕ್ಕ ತಗದದ್ದು ಅದು."

"ಅದು ಕೆಟ್ಟೈತಿ" ಎಂದುಬಿಟ್ಟೆ. ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು.

ಆ ಮಧ್ಯಾಹ್ನ ನಿಯಮ ಮುರಿದು ಇಣುಕಿದೆ. ಹೃದಯದ ಸ್ನಾಯು ಕಟ್ಟುವ ಜೀನ್‌ಗಳು ಎಲ್ಲಿವೆಯೆಂದು ಪಾಠಕ್ಕಾಗಿ ಓದಿಕೊಂಡಿದ್ದೆ. ಅವುಗಳಲ್ಲೊಂದರ ಮೇಲೆ ಸುಮಕ್ಕನ ಒಂದೇ ಒಂದು ರೀಡ್ ಬಿದ್ದಿತ್ತು. ಅದರಲ್ಲಿ ಒಂದು ಅಕ್ಷರ ಇರಬೇಕಾದದ್ದಲ್ಲ, ಬೇರೆಯದಿತ್ತು.

ಒಂದು ರೀಡ್ ಅಂದರೆ ಓಣಿ ಸುದ್ದಿ ಎನ್ನುತ್ತಿದ್ದಳು ಸುಮಕ್ಕ. ಮತ್ತೆ ನಾಲ್ಕು ಮಂದಿ ಅದನ್ನೇ ಹೇಳುವವರೆಗೆ ನಂಬಬೇಡ. ಯಂತ್ರವೂ ತಪ್ಪು ಓದುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಕಿಟಕಿಯಾಚೆ ಮೈದಾನದಲ್ಲಿ ಅಮೃತಾ ಖೋ-ಖೋ ಆಡುತ್ತಿದ್ದಳು. ಓಡಿ ಓಡಿ ಕಂಬ ಹಿಡಿದು ಏದುಸಿರು ಬಿಡುತ್ತ ನಿಂತಳು, ಎದೆಯ ಮೇಲೆ ಕೈಯಿಟ್ಟುಕೊಂಡು. ಅಕ್ಕನ ಹೃದಯಕ್ಕಿದ್ದ ಬೇನೆ ತಂಗಿಗೂ ಇದ್ದರೆ? ಆ ರೀಡನ್ನು ಕಾಶಿನಾಥನಿಗೆ ಪರೀಕ್ಷಿಸಲು ಕಳಿಸಿದೆ. ಅವನ ಉತ್ತರಕ್ಕೆ ಕಾಯುವ ತಾಳ್ಮೆ ಮಾತ್ರ ಇರಲಿಲ್ಲ. ಮರುದಿನವೇ ಯರಗುಪ್ಪಿಗೆ ಹೋದೆ.

ಕಸ್ತೂರೆವ್ವ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಮೃತಾಳ ಹೃದಯ ಒಮ್ಮೆ ತೋರಿಸೋಣ ಎಂದೆ. ಮೊರದ ಸದ್ದು ನಿಂತಿತು.

"ಹುಡುಗನ ಕಡ್ಯಾವ್ರು ನೋಡಾಕ ಬರಾವ್ರದಾರ. ಹಾರ್ಟಿನ ದವಾಖಾನಿಗೆ ಹೋಗಿದ್ಲು ಅಂತ ಒಬ್ಬರ ಕಿವೀಗೆ ಬಿದ್ರ ಮುಗೀತು. ಒಬ್ಬಾಕಿನ್ನ ಮಣ್ಣಾಗ ಇಟ್ಟ ಬಂದೀನಿ. ಇದ್ದಾಕಿನ್ನ ಯಾಕ ಅಂಜಸ್ತಿ ಯವ್ವಾ?"

ಜೀನು, ಸ್ನಾಯು, ಸ್ಕ್ಯಾನು ಎಂದು ಏನೇನೋ ಒದರಿದೆ. ಅವಳು ಮತ್ತೆ ಜೋಳ ಕೇರತೊಡಗಿದಳು. ಕೊನೆಗೆ ನನ್ನ ಬಾಯಿಂದ ಬಂದದ್ದೇ ಬೇರೆ.

"ಅವ್ವಾ, ನಿಮ್ಮ ಹೊಲದ ಮಣ್ಣಿನ್ಯಾಗ ಸುಮಕ್ಕ ಸಿಕ್ಕಾಳ್ರಿ. ಅವತ್ತ ಉಗುಳಿದ್ದು ಕಂಪ್ಯೂಟರಿನ್ಯಾಗ ಬಂದೈತಿ."

ಕಸ್ತೂರೆವ್ವ ಮೊರ ಕೆಳಗಿಟ್ಟಳು.

"ಏನಂತಾಳ?" ಎಂದು ಕೇಳಿದಳು.

ವಿಜ್ಞಾನ ಕಲಿಸುವ ನಾನು ಹೇಳಿದೆ, "ತಂಗೀನ್ನ ಕರಕೊಂಡ ಹೋಗ ಅಂತಾಳ್ರಿ."

"ಹಂಗಂದ್ಲಾ?" ಕಣ್ಣು ಒರೆಸಿಕೊಂಡು ಎದ್ದಳು. "ಹಂಗಾರ ಹೋಗೂಣು."

ಹುಬ್ಬಳ್ಳಿಯ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದಾಗ ಕಾಶಿನಾಥನ ಫೋನು ಬಂತು. "ಅರ್ಫಾ ಮೇಡಂ, ಆ ಅಕ್ಷರ ಏನೂ ಅಲ್ರಿ. ಗಟ್ಟಿಮುಟ್ಟ ಮಂದಿಯೊಳಗೂ ಬೇಕಾದಷ್ಟ ಸಿಗತೈತಿ. ಅದರಿಂದ ಯಾವ ಬ್ಯಾನಿನೂ ಬರೂದಿಲ್ಲ. ನೋಡಬಾರದು ಅಂತ ಮಾಡಿದ ನಿಯಮ, ನೀವ ಯಾಕ ನೋಡಿದ್ರಿ?"

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಯಾರದೋ ಮನೆಯ ದುಃಖದೊಳಗೆ ಕೈಹಾಕಿ, ಸತ್ತವಳ ಹೆಸರು ಹೇಳಿ, ಒಂದು ಸುಳ್ಳು ಸುದ್ದಿಗಾಗಿ ಇವರನ್ನು ಇಲ್ಲಿಯವರೆಗೆ ಎಳೆದುಕೊಂಡು ಬಂದಿದ್ದೆ. ನಡೀರಿ ಮನಿಗೆ ಹೋಗೂಣು ಎನ್ನಲು ಎದ್ದೆ. ಆಗಲೇ ಅಮೃತಾಳನ್ನು ಸ್ಕ್ಯಾನಿಗೆ ಒಳಗೆ ಕರೆದಿದ್ದರು.

ಹೃದಯದ ಗೋಡೆ ದಪ್ಪಗಾಗಿದೆ ಎಂದರು ಡಾಕ್ಟರು. ಇನ್ನು ಓಟ, ಖೋ-ಖೋ ಬೇಡ. ದಿನಾ ಗುಳಿಗೆ ತಪ್ಪಿಸಬಾರದು. ಆಗಾಗ ಬಂದು ತೋರಿಸಿಕೊಂಡಿದ್ದರೆ ಬಾಳಿ ಬದುಕುತ್ತಾಳೆ. ತೋರಿಸಲೆಂದು ನಾನು ಲ್ಯಾಪ್‌ಟಾಪು ತೆಗೆದರೆ ಅವರು ಬೇಡವೆಂದು ಕೈ ಅಲ್ಲಾಡಿಸಿಬಿಟ್ಟರು. "ಆ ವಯಸ್ಸಿಗೆ ಅಕ್ಕ ಹಠಾತ್ತನೆ ಹೋದ್ಲು ಅಂದ್ರ ತಂಗೀನ್ನ ಅವತ್ತs ಕರಕೊಂಡ ಬರಬೇಕಿತ್ರಿ. ಅದಕ್ಕ ಕಂಪ್ಯೂಟರ್ ಯಾಕ ಬೇಕು?" ಎಂದು, ತಾಯಿಯನ್ನೂ ಒಮ್ಮೆ ನೋಡಿಬಿಡುತ್ತೇನೆಂದು ಕಸ್ತೂರೆವ್ವನನ್ನು ಒಳಗೆ ಕರೆದರು.

ಅಕ್ಷರ ಸುಳ್ಳು, ಬೇನೆ ನಿಜ. ಹಾಗಾದರೆ ನನ್ನನ್ನು ಯರಗುಪ್ಪಿಗೆ ಕಳಿಸಿದ್ದು ಯಾರು? ಕೂತಲ್ಲೇ ಲ್ಯಾಪ್‌ಟಾಪು ತೆರೆದು ಸುಮಕ್ಕನ ರೀಡ್‌ಗಳನ್ನೆಲ್ಲ ಅಳಿಸಿದೆ. ಈ ಸಲ ಬೆರಳು ಎದ್ದಿತು. ಪರದೆ ಖಾಲಿಯಾಯಿತು. ಪಕ್ಕದಲ್ಲಿ ಅವಳು ಕೂತಂತೆಯೇ ಇತ್ತು.

ಡಾಕ್ಟರು ಹೊರಗೆ ಬಂದು ಅಮೃತಾಳಿಗೂ ನನಗೂ ಮೆಲ್ಲಗೆ ಹೇಳಿದರು. ತಾಯಿಗೂ ಅದೇ ಇದೆ, ಆದರೆ ಸೌಮ್ಯ. ಅದಕ್ಕೇ ಇಷ್ಟು ದಿನ ಗೊತ್ತಾಗಿಲ್ಲ. ಮಕ್ಕಳಿಗೆ ಬಂದದ್ದು ತಾಯಿಯಿಂದಲೇ.

ಕಸ್ತೂರೆವ್ವ ಒಳಗೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಅಮೃತಾ ನನ್ನ ಮೊಣಕೈ ಹಿಡಿದು ಮೂಲೆಗೆ ಎಳೆದಳು. ತನ್ನ ಬೇನೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಮೇಡಂ, ಅವ್ವಗ ಇದನ್ನ ಹೇಳಬ್ಯಾಡ್ರಿ. ಅಕ್ಕನ್ನ ತಾನs ಕೊಂದೆ ಅಂತ ತಿಳಕೊಂಡು ಉಣ್ಣೂದು ಬಿಡ್ತಾಳ. ಕೇಳಿದ್ರ ಅಪ್ಪನ ಕಡಿಂದ ಬಂದೈತಿ ಅನ್ರಿ."

ಆಯಿತೆಂದು ಮಾತು ಕೊಟ್ಟೆ.

ವಾಪಸು ಬಸ್ಸಿನಲ್ಲಿ ಅಮೃತಾ ಮುಂದಿನ ಸೀಟಿನ ಕಿಟಕಿಗೆ ತಲೆಯಿಟ್ಟು ಮಲಗಿದಳು. ಕಸ್ತೂರೆವ್ವ ನನ್ನ ಪಕ್ಕ ಕೂತು, ಗುಳಿಗೆಯ ಎರಡೂ ಪಾಕೀಟುಗಳನ್ನು ಉಡಿಯಲ್ಲಿಟ್ಟುಕೊಂಡು ಹೊರಳಿಸಿ ಹೊರಳಿಸಿ ನೋಡುತ್ತಿದ್ದಳು. ಬಸ್ಸು ಸಂಶಿ ದಾಟಿತು.

"ಅರ್ಫಾ, ಇಬ್ಬರಿಗೂ ಒಂದs ಗುಳಿಗಿ ಕೊಟ್ಟಾರ" ಎಂದಳು ಕೊನೆಗೆ, ಮಗಳಿಗೆ ಕೇಳಿಸದಷ್ಟು ಸಣ್ಣಗೆ. "ನಾ ಸಾಲಿ ಕಲತಿಲ್ಲ ಖರೆ, ಇಷ್ಟಾದ್ರೂ ತಿಳಿತೈತಿ. ಸುಮಂಗಲಾಗ ಈ ಬ್ಯಾನಿ ಕೊಟ್ಟಾಕಿ ನಾನs."

ಅವಳ ಕೈ ಹಿಡಿದುಕೊಂಡೆ. ಅವಳು ಅದನ್ನು ಬಿಡಿಸಿಕೊಂಡು, ತಾನೇ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಒಂದು ಉಪಕಾರ ಮಾಡ ಯವ್ವಾ. ಅಮೃತಾಗ ಅಪ್ಪನ ಕಡಿಂದ ಬಂದೈತಿ ಅಂತ ಹೇಳ. ಅಂವ ಹೋಗ್ಯಾನ, ಅವಗೇನ ಆಗೂದೈತಿ? ಅಕಿ ದಿನಾ ನನ್ನ ಕೈಯಾಗಿನ ರೊಟ್ಟಿ ತಿನ್ನಾಕಿ."

"ಹೇಳ್ತೀನ್ರಿ ಅವ್ವಾ" ಎಂದೆ. ನಾನು ಎಂದೂ ಮುಖ ಕಾಣದ ಆ ಮನುಷ್ಯನ ಮೇಲೆ, ಒಂದೇ ದಿನದಲ್ಲಿ, ಇಬ್ಬರ ಸಲುವಾಗಿ ಒಂದೇ ಸುಳ್ಳನ್ನು ಹೊರಿಸಲು ಎರಡು ಸಲ ಒಪ್ಪಿಕೊಂಡಿದ್ದೆ.