ಎರಡು ಬೆರಳು ಬರೋ ವರ್ಷ

ಆ ಮನೆಯಲ್ಲಿ ‘ಬರೋ ವರ್ಷ’ ಎನ್ನುವುದು ಕ್ಯಾಲೆಂಡರಿನಲ್ಲಿ ಇರುತ್ತಿರಲಿಲ್ಲ, ಬಟ್ಟೆಯೊಳಗೆ ಇರುತ್ತಿತ್ತು. ಅಂಗಿ ಹೊಲಿಯುವಾಗ ಒಳಮಗ್ಗುಲಲ್ಲಿ ಎರಡು ಬೆರಳಷ್ಟು ಬಟ್ಟೆ ಮಡಿಚಿ ಬಿಡುತ್ತಾರಲ್ಲ, ಮೈ ಬೆಳೆದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಎಂದು, ಅದಕ್ಕೆ ಅವರಿಟ್ಟ ಹೆಸರು ಅದು. ಹಿರಿಮಗಳು ಚಿಕ್ಕವಳಿದ್ದಾಗ ಹಬ್ಬದ ಅಂಗಿ ಬಿಗಿಯಾಯಿತೆಂದು ನೆಲಕ್ಕೆ ಬಿದ್ದು ರಂಪ ಮಾಡಿದ್ದಳಂತೆ. ಅಮ್ಮ ಅಂಗಿಯನ್ನು ತಿರುವಿ ತೋರಿಸಿ, “ಅಳಬೇಡ, ಬರೋ ವರ್ಷ ಇದರೊಳಗೇ ಇದೆ ನೋಡು” ಎಂದಿದ್ದಳು. ಮಾತು ಮನೆಯಲ್ಲಿ ನಿಂತುಬಿಟ್ಟಿತು. ಗಿರಾಕಿಗಳನ್ನೂ ಅಮ್ಮ “ಬರೋ ವರ್ಷ ಎಷ್ಟು ಬಿಡ್ಲಿ?” ಎಂದೇ ಕೇಳುತ್ತಿದ್ದಳು. ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು.

ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಷಿನ್ನುಗಳಿದ್ದವು. ಒಂದು ಅಮ್ಮನದು, ಇನ್ನೊಂದು ಕಿರಿಮಗಳದು. ಕಿರಿಮಗಳನ್ನು ಎಲ್ಲರೂ ಸೂಜಿ ಎಂದು ಕರೆಯುತ್ತಿದ್ದರು. ಕಡ್ಡಿಯಂಥ ಮೈ, ಬಾಯಿ ಇಲ್ಲವೇ ಇಲ್ಲ, ಇರುವುದು ಕಣ್ಣೊಂದೇ ಎಂದು ಅಪ್ಪ ಇಟ್ಟ ಹೆಸರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಷಿನ್ನಿಗೆ ಕೂತವಳಿಗೆ ಈಗ ಇಪ್ಪತ್ತೊಂದು.

ವರ್ಷದ ಹಬ್ಬಕ್ಕೆ ಮನೆಮಂದಿಗೆಲ್ಲ ಒಂದೇ ಥಾನಿನ ಬಟ್ಟೆ ಹೊಲಿಯುವುದು ಅಮ್ಮ ತಾನೇ ಮಾಡಿಕೊಂಡಿದ್ದ ಪದ್ಧತಿ. “ನಾವು ಬೀದಿಗಿಳಿದ್ರೆ ಬ್ಯಾಂಡ್ ಸೆಟ್ಟಿನವರು ಬಂದ್ರು ಅಂತಾರೆ” ಎಂದು ಸಿಟಿ ಬಸ್ ಓಡಿಸುವ ಅಪ್ಪ ಪ್ರತಿ ವರ್ಷ ಗೊಣಗುತ್ತಿದ್ದ, ಪ್ರತಿ ವರ್ಷ ಎಲ್ಲರಿಗಿಂತ ಮೊದಲು ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಎಲ್ಲರೂ ತೊಟ್ಟ ಮೇಲೆ, ಊಟಕ್ಕೆ ಕೂರುವ ಮೊದಲು, ಅಮ್ಮ ಒಬ್ಬೊಬ್ಬರ ಅಂಗಿಯ ಅಂಚು ತಿರುವಿ, ಒಳಗೆ ಬೆರಳಿಟ್ಟು ಅಳೆದು, ಯಾರಿಗೆ ಎಷ್ಟು ಬರೋ ವರ್ಷ ಇದೆ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಅದಾದ ಮೇಲೇ ಅನ್ನಕ್ಕೆ ಕೈ ಹಾಕುವುದು.

ಈ ಸಲ ಹಬ್ಬ ಬರುವ ಹೊತ್ತಿಗೆ ಅಮ್ಮನ ಎದೆಯ ಒಂದು ಪಕ್ಕ ತೆಗೆದು ಏಳು ತಿಂಗಳಾಗಿತ್ತು. ಕ್ಯಾನ್ಸರ್ ಅಷ್ಟಕ್ಕೆ ಬಿಟ್ಟಿರಲಿಲ್ಲ. ಎಂಟು ಕಿಮೋ ಎಂದಿದ್ದರು, ನಾಲ್ಕು ಮುಗಿದಿತ್ತು. ಐದನೆಯದು ಹಬ್ಬ ಕಳೆದ ಮೂರನೇ ದಿನ, ಗುರುವಾರ. ನಾಲ್ಕನೆಯದು ಮುಗಿಸಿ ಬರುವಾಗ ಅಮ್ಮ ಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು, “ಹಬ್ಬ ಮುಗೀಲಿ. ಐದನೇದು ಆಮೇಲೆ ನೋಡೋಣ” ಎಂದಿದ್ದಳು.

ಅಮ್ಮನ ‘ನೋಡೋಣ’ ಏನೆಂದು ಸೂಜಿಗೆ ಗೊತ್ತಿತ್ತು. ಹೊಲಿಯಲು ಮನಸ್ಸಿಲ್ಲದ ಬಟ್ಟೆ ತಂದವರಿಗೆ ಅಮ್ಮ ಹೇಳುತ್ತಿದ್ದುದು ಅದೇ ಮಾತು. ಮುಖದ ಮೇಲೆ ಆಗಲ್ಲ ಅನ್ನುತ್ತಿರಲಿಲ್ಲ. ನೋಡೋಣ ಅನ್ನುತ್ತಿದ್ದಳು, ಆ ಬಟ್ಟೆಗೆ ಕತ್ತರಿ ಬೀಳುತ್ತಿರಲಿಲ್ಲ. ಅಂದಿನಿಂದ ಸೂಜಿಗೆ ಬೇಕಾಗಿದ್ದುದು ಒಂದೇ. ಗುರುವಾರ ಅಮ್ಮ ಹೋಗಿ ಕಿಮೋ ಕೊಡುವ ಆ ಕುರ್ಚಿಯ ಮೇಲೆ ಕೂರಬೇಕು.

ಔಷಧಿಯಿಂದ ಅಮ್ಮನ ಬೆರಳ ತುದಿಗಳು ಮರಗಟ್ಟಿದ್ದವು. ಹಬ್ಬದ ಬಟ್ಟೆಯ ಥಾನು ಬಂದ ದಿನ ಹಟ ಹಿಡಿದು ಮಷಿನ್ನಿಗೆ ಕೂತಳು. ಸ್ವಲ್ಪ ಹೊತ್ತಿಗೆ ಸೂಜಿ ನೋಡುತ್ತಾಳೆ, ತಿಳಿ ನೀಲಿ ಬಟ್ಟೆಯ ಮೇಲೆ ಕೆಂಪು ಚುಕ್ಕಿಗಳ ಸಾಲು. ಗುಂಡುಪಿನ್ನು ಬೆರಳೊಳಗೆ ಇಳಿದು ಅಲ್ಲೇ ನಿಂತಿದೆ, ಅಮ್ಮ ಹೊಲಿಯುತ್ತಲೇ ಇದ್ದಾಳೆ.

“ಅಮ್ಮ, ಕೈ.”

ಅಮ್ಮ ಬೇರೆ ಯಾರದ್ದೋ ಕೈಯನ್ನು ನೋಡುವ ಹಾಗೆ ನೋಡಿದಳು. ಪಿನ್ನು ಕಿತ್ತು ಡಬ್ಬಿಗೆ ಹಾಕಿದಳು. “ಈ ಸಲ ಎಲ್ಲ ನೀನೇ ಕತ್ತರಿಸಿ ಹೊಲಿದುಬಿಡು” ಎಂದು ಎದ್ದು ಹೋಗಿ ಮಲಗಿದಳು.

ಮಲಗಿದರೂ ಕಿವಿ ಈ ಕಡೆಗೇ ಇತ್ತು. “ಕತ್ತರಿ ಹೆದರ್ತಾ ಇದೆ. ಉದ್ದಕ್ಕೆ ಬಿಡು” ಎಂದು ಗೋಡೆಯಾಚೆಯಿಂದ ಹೇಳುತ್ತಿದ್ದಳು. ಅಪ್ಪನ ಅಳತೆ ಆಯಿತು, ಮದುವೆಯಾಗಿ ಹೋದ ಅಕ್ಕನದು ಫೋನಿನಲ್ಲಿ ಬಂತು, ಅಕ್ಕನ ಮಗಳು ಗುಬ್ಬಿಯದೂ ಬಂತು. ಅಮ್ಮ ಮಾತ್ರ ಅಳತೆ ಕೊಡಲಿಲ್ಲ. “ಹೋದ ವರ್ಷದ್ದೇ ಹಾಕು. ಎಲ್ಲಿಗೆ ಹೋಗುತ್ತೆ ನನ್ನ ಅಳತೆ.”

ಎಲ್ಲಿಗೆ ಹೋಗಿದೆ ಎಂದು ಸೂಜಿಗೆ ಗೊತ್ತಿತ್ತು. ದಿನಾ ಅಮ್ಮನ ಬೆನ್ನು ಒರೆಸುವವಳು ಅವಳು. ಹೋದ ವರ್ಷದ ಅಳತೆಗೆ ಹೊಲಿದರೆ ಅಂಗಿ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಆ ಗಾಯದ ಗೆರೆ. ಎದೆಯಿಂದ ಕಂಕುಳಿನ ತನಕ ಹೋಗಿದ್ದ ಗೆರೆಯ ಮೇಲೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. ಯಾವ ಬಟ್ಟೆ ತೊಟ್ಟರೂ ಒಳಗಿನ ಮಡಿಕೆ ಅಲ್ಲಿಗೇ ಉಜ್ಜುತ್ತಿತ್ತು. ಅಮ್ಮ ಕೈ ಸ್ವಲ್ಪ ಎತ್ತಿಕೊಂಡೇ ನಡೆಯುತ್ತಿದ್ದಳು, ಕಂಕುಳಲ್ಲಿ ಕೊಡೆ ಇಟ್ಟುಕೊಂಡವರ ಹಾಗೆ.

ಸೂಜಿ ಕಣ್ಣಳತೆಯಲ್ಲೇ ಅಂಗಿ ಕತ್ತರಿಸಿದಳು. ಹೊಲಿದಾದ ಮೇಲೆ ಪಕ್ಕದಲ್ಲೂ ತೋಳಿನಲ್ಲೂ ಒಳಗೆ ಮಿಕ್ಕಿದ ಬಟ್ಟೆಯನ್ನೆಲ್ಲ ಹೊಲಿಗೆಯ ಬುಡಕ್ಕೆ ಕತ್ತರಿಯಲ್ಲಿ ಸವರಿ ತೆಗೆದು, ಹಳೆಯ ಮೆತ್ತನೆಯ ಮಲ್ ಬಟ್ಟೆಯ ಪಟ್ಟಿ ಸುತ್ತಿ ಮುಚ್ಚಿದಳು. ಕೆನ್ನೆಗೆ ಒತ್ತಿ ನೋಡಿಕೊಂಡಳು. ಎಲ್ಲೂ ಒಂದು ಗೆರೆ ತಾಗಲಿಲ್ಲ. ಇಷ್ಟು ಚೆನ್ನಾದ ಕೆಲಸ ತನ್ನ ಕೈಯಿಂದ ಆಗಿರಲಿಲ್ಲ ಎನಿಸಿತು. ಸವರಿದ್ದು ಏನು ಎಂಬ ಯೋಚನೆಯೇ ಬರಲಿಲ್ಲ.

ಹಬ್ಬದ ಬೆಳಿಗ್ಗೆ ಅಕ್ಕ ಗುಬ್ಬಿಯನ್ನು ಕರೆದುಕೊಂಡು ಬಂದಳು. ಬಾಗಿಲಲ್ಲೇ ಅಮ್ಮನನ್ನು ನೋಡಿ ಮುಖ ತಿರುಗಿಸಿಕೊಂಡು ಚಪ್ಪಲಿ ಬಿಡಲು ಬಹಳ ಹೊತ್ತು ಮಾಡಿದಳು. ಆಮೇಲೆ ಜೋರಾಗಿ ಮಾತಿಗಿಳಿದಳು. “ಏನೇ ಸೂಜಿ, ಅಮ್ಮನ ಅಂಗಿಗೆ ಮಾತ್ರ ಇಷ್ಟು ನಾಜೂಕು, ನಂದು ಗೋಣಿಚೀಲ ಮಾಡಿಟ್ಟಿದ್ದೀಯ?”

“ಚೀಲದಲ್ಲಿ ಏನು ತುಂಬಿದ್ದೀವಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ” ಎಂದ ಅಪ್ಪ.

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ನೀಲಿ ಅಂಗಿ ಅವಳ ಮೈಗೆ ಕೂತಿತ್ತು. ಕೈ ಕೆಳಗಿಳಿದು ಸಹಜವಾಗಿತ್ತು. ಸೂಜಿ ಬಾಗಿಲ ಮರೆಯಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದಳು. ಹೀಗೇ ಇದ್ದರೆ ಗುರುವಾರ ಹೋಗುತ್ತಾಳೆ ಎನಿಸಿತು.

ಊಟಕ್ಕೆ ಮೊದಲು ಅಮ್ಮ, “ಬನ್ನಿ, ನಿಲ್ಲಿ” ಎಂದಳು. ಗುಬ್ಬಿಯ ಅಂಗಿಯ ಅಂಚು ತಿರುವಿ ಬೆರಳಿಟ್ಟಳು. ಬೆರಳು ಏನೂ ಹೇಳಲಿಲ್ಲ. ಎರಡು ಸಲ ಸವರಿದಳು. ಆಮೇಲೆ ಬಗ್ಗಿ, ಅಂಚನ್ನು ಎತ್ತಿ ತುಟಿಗೆ ಇಟ್ಟುಕೊಂಡು, ತುಟಿಯಲ್ಲೇ ಮಡಿಕೆ ಹುಡುಕುತ್ತಾ ಹೋದಳು.

“ಅಜ್ಜಿ ನನ್ನ ಅಂಗಿ ತಿಂತಿದ್ದಾಳೆ!”

“ಸುಮ್ನಿರು. ಮೂರು ಬೆರಳು. ಒಳ್ಳೆ ಬೆಳೆ.”

ಅಕ್ಕನಿಗೆ ಎರಡು ಬೆರಳು. ಅಪ್ಪನ ಅಂಗಿ ಎತ್ತಿ ಸೊಂಟದ ಹತ್ತಿರ ತುಟಿ ತಂದಾಗ ಅಪ್ಪ, “ಮಕ್ಕಳ ಮುಂದೆ ಹೊಟ್ಟೆಗೆ ಮುತ್ತು ಕೊಡ್ತಾ ಇದ್ದೀಯಲ್ಲೇ, ವಯಸ್ಸೆಷ್ಟಾಯ್ತು ನಿಂಗೆ” ಎಂದ.

“ನಾಲ್ಕು ಬೆರಳು. ಅದೂ ಸಾಲದು. ಸೂಜಿ, ನಿನಗೆ ನೀನು ಎಷ್ಟು ಬಿಟ್ಕೊಂಡಿದ್ದೀಯ, ಬಾ ಇಲ್ಲಿ. ಎರಡು.”

ಆಮೇಲೆ ತನ್ನ ತೋಳಿನ ತುದಿಯನ್ನು ಮಡಿಚಿ ತುಟಿಗೆ ತಂದಳು.

ಆಗ ಸೂಜಿಗೆ ಹೊಳೆಯಿತು. ಅಮ್ಮನ ತುಟಿ ಮಣಿಕಟ್ಟಿನಿಂದ ಮೊಣಕೈ ತನಕ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಕಣ್ಣು ಯಾರ ಕಡೆಗೂ ಎತ್ತಲಿಲ್ಲ.

“ನನಗೂ ಎರಡು ಬೆರಳು ಬಿಟ್ಟಿದ್ದಾಳೆ” ಎಂದಳು.

“ಹಾಗಾದ್ರೆ ತಿಂದು ದಪ್ಪ ಆಗು, ಬಟ್ಟೆ ದಂಡ ಆಗಬಾರದು” ಎಂದು ಅಪ್ಪ ತಟ್ಟೆಯ ಮುಂದೆ ಕೂತ. ಅಮ್ಮ ಎರಡು ತುತ್ತು ತಿಂದಳು. ಮೂರನೆಯದು ಬಾಯಲ್ಲೇ ಉಳಿಯಿತು. ಅಕ್ಕ ಒತ್ತಾಯ ಮಾಡಿದಳು, ಅಪ್ಪ ಬೇಡ ಬಿಡು ಎಂದ, ಗುಬ್ಬಿ ಅಜ್ಜಿಯ ತಟ್ಟೆಯ ಸಿಹಿ ತೆಗೆದುಕೊಂಡಿತು.

ಮಧ್ಯಾಹ್ನ ಅಪ್ಪ ಗೊರಕೆ ಹೊಡೆಯುತ್ತಿದ್ದ, ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಅಮ್ಮ ಅಂಗಿ ಬದಲಿಸಲು ಸೂಜಿಯನ್ನು ಒಳಗೆ ಕರೆದು ಬಾಗಿಲು ಹಾಕಿಸಿದಳು.

“ಬರೋ ವರ್ಷ ಬಿಟ್ಟಿಲ್ಲ ನೀನು.”

“ಉಜ್ಜುತ್ತೆ ಅಂತ...”

“ಗೊತ್ತು ಕಣೇ. ಬೆಳಿಗ್ಗೆಯಿಂದ ಉಜ್ಜಿಲ್ಲ. ಮೈ ಮೇಲೆ ಬಟ್ಟೆ ಇದೆ ಅನ್ನೋದೇ ಮರೆತುಹೋಗಿತ್ತು.” ಅಮ್ಮ ಅಂಗಿಯನ್ನು ಮಡಿಲಲ್ಲಿಟ್ಟು ಸವರಿದಳು. “ಮೂವತ್ತು ವರ್ಷ ಹೊಲಿದೆ. ತೊಂಬತ್ತು ದಾಟಿದ ಮುದುಕಿಗೂ ಎರಡು ಬೆರಳು ಬಿಟ್ಟಿದ್ದೀನಿ. ನಾವು ಯೋಚನೆ ಮಾಡಿ ಬಿಡಲ್ಲ, ಕೈ ತಾನಾಗಿ ಬಿಡುತ್ತೆ. ನಿನ್ನ ಕೈ ಬಿಡಲಿಲ್ಲ.”

“ಮರೆತೆ ಅಮ್ಮ.”

“ಮರೆತದ್ದಲ್ಲ. ನಿನ್ನ ಕೈಗೆ ಗೊತ್ತಾಗಿದೆ, ನಿನಗೆ ಇನ್ನೂ ಗೊತ್ತಾಗಿಲ್ಲ. ಬೈತಾ ಇಲ್ಲ ನಾನು. ಕೆಲಸ ಬಹಳ ಚೆನ್ನಾಗಿದೆ.”

“ಗುರುವಾರ ಹೋಗ್ತೀಯಲ್ಲ?”

ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. “ನೋಡೋಣ.”

ಮರುದಿನ ಅಕ್ಕ ಹೊರಟುಹೋದಳು. ಬುಧವಾರ ಬೆಳಕು ಹರಿಯುತ್ತಲೇ ಸೂಜಿ ಚಿಂದಿಯ ಚೀಲವನ್ನು ನೆಲಕ್ಕೆ ಸುರಿದು ಕೂತಳು. ನೀಲಿ ಚೂರುಗಳನ್ನು ಒಂದೊಂದಾಗಿ ಹೆಕ್ಕಿದಳು. ಸವರಿ ಎಸೆದಿದ್ದು ದಾರದಂತೆ ತೆಳ್ಳಗಿತ್ತು, ಒಂದಕ್ಕೊಂದು ಸೇರುತ್ತಿರಲಿಲ್ಲ. ಅಪ್ಪನ ಅಂಗಿ ಕತ್ತರಿಸಿ ಉಳಿದಿದ್ದ ತುಂಡುಗಳನ್ನು ಜೋಡಿಸಿ, ಎರಡು ಬೆರಳಗಲದ ಪಟ್ಟಿ ಮಾಡಿ, ಅಮ್ಮನ ಅಂಗಿಯ ಒಳಗೆ ಉದ್ದಕ್ಕೂ ಹೊಲಿದಳು. ಹೊಲಿಯುವಾಗಲೇ ಗೊತ್ತಿತ್ತು, ಹೊಲಿಗೆ ಬಿಚ್ಚಿದರೂ ಅದರಿಂದ ಅಂಗಿ ಒಂದೆಳೆ ಅಗಲವಾಗುವುದಿಲ್ಲ. ಆದರೂ ಹೊಲಿದಳು. ಮಧ್ಯಾಹ್ನ ಒಯ್ದು ಅಮ್ಮನ ಕೈಗೆ ಕೊಟ್ಟಳು.

ಅಮ್ಮ ತುಟಿಗೆ ಇಟ್ಟು ನೋಡಿದಳು. “ಬರೋ ವರ್ಷಕ್ಕೆ ತೇಪೆ ಹಾಕ್ತಾರೇನೇ ಹುಚ್ಚಿ” ಎಂದಳು. ಮಗಳ ಮುಖ ನೋಡಿ ಎದ್ದು ಕೂತಳು. “ತೊಡಿಸು.”

ಸೂಜಿ ತೊಡಿಸಿದಳು. ಅಮ್ಮ ಅಡುಗೆಮನೆಯ ತನಕ ಹೋಗಿ, ನೀರು ಕುಡಿದು, ಗೋಡೆ ಹಿಡಿದು ಬಂದಳು. ಕೈ ಆಗಲೇ ಪಕ್ಕದಿಂದ ಮೇಲೆದ್ದಿತ್ತು.

“ಉಜ್ಜುತ್ತೆ ಕಣೇ” ಎಂದಳು ಮೆಲ್ಲಗೆ. “ತೆಗೆದುಬಿಡು.”

ಗುರುವಾರ ಏಳು ಗಂಟೆಗೆ ಅಪ್ಪ ರಜೆ ಹಾಕಿ, ಬೂಟು ತೊಟ್ಟು, ಆಸ್ಪತ್ರೆಯ ಫೈಲು ಹಿಡಿದು ನಿಂತ. ಅಮ್ಮ ಏಳಲಿಲ್ಲ.

“ಹೊತ್ತಾಯ್ತು ಏಳೇ.”

“ನಾನು ಬರಲ್ಲ ರೀ.”

“ಬರದೆ? ಇನ್ನು ನಾಲ್ಕು ತಾನೇ?”

“ಮೊದಲು ಎಂಟು ಅಂದ್ರು. ಹೋದ ಸಲ ಸ್ಕ್ಯಾನ್ ನೋಡಿ, ಇದಾದ ಮೇಲೆ ಬೇರೆ ಔಷಧಿ ನೋಡೋಣ ಅಂದ್ರು. ಡಾಕ್ಟ್ರಿಗೂ ನೋಡೋಣ ಅನ್ನೋದು ಬರುತ್ತೆ.”

ಅಪ್ಪ ಮೊದಲು ಬೇಡಿಕೊಂಡ. ಆಮೇಲೆ ರೇಗಿದ. “ನಾವೆಲ್ಲ ಏನಾಗಬೇಕು ಅಂತ ಇದ್ದೀಯ?” ಎಂದ. ಅಮ್ಮ ಅವನ ಕೈ ಹಿಡಿದು ಮಂಚದ ಅಂಚಿಗೆ ಕೂರಿಸಿಕೊಂಡಳು. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಮನುಷ್ಯ ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಸರದಿ ಯಾವಾಗ ಬರುತ್ತದೋ ಎಂದು ಕಾಯುವವನ ಹಾಗೆ ಕೂತ.

ಸೂಜಿ ಬಾಗಿಲಲ್ಲಿ ನಿಂತಿದ್ದಳು. ಕಾಲಿಗೆ ಬಿದ್ದು ಕೇಳಬೇಕು, ನಾನು ಮಾಡಿದ ತಪ್ಪಿಗೆ ನೀನು ನಿಲ್ಲಿಸಬೇಡ ಅನ್ನಬೇಕು. ಅಮ್ಮ ಬಸ್ಸಿನಲ್ಲೇ ನಿರ್ಧರಿಸಿದ್ದಳೋ, ತೋಳನ್ನು ತುಟಿಗೆ ತಂದಾಗ ನಿರ್ಧರಿಸಿದಳೋ ಎಂದು ಕೇಳಬೇಕು. ಕೇಳಿದ್ದರೂ, ಬಸ್ಸಿನಲ್ಲೇ ಎಂದು ಅಮ್ಮ ಸಮಾಧಾನಕ್ಕೆ ಹೇಳುತ್ತಿದ್ದಳು, ತಾನು ನಂಬುತ್ತಿರಲಿಲ್ಲ.

ಒಂಬತ್ತೂವರೆಗೆ ಫೋನು ಬಂತು. ಅಪ್ಪ ಅಲುಗಲಿಲ್ಲ. ಅಪರಿಚಿತರ ಫೋನು ಎತ್ತಿ ಅಭ್ಯಾಸವಿಲ್ಲದ ಸೂಜಿಯೇ ಎತ್ತಿದಳು.

“ಆಸ್ಪತ್ರೆ ಡೇ ಕೇರ್‌ನಿಂದ. ನಿಮ್ಮ ಪೇಶೆಂಟ್ ಇನ್ನೂ ಬಂದಿಲ್ಲ. ಕುರ್ಚಿ ಹಿಡಿದಿಟ್ಟಿದ್ದೀವಿ.”

“ಬರಲ್ಲ.”

“ಇವತ್ತು ಬರಲ್ವಾ? ನಾಳೆಗೆ ಹಾಕ್ಲಾ?”

“ಬೇರೆಯವರಿಗೆ ಕೊಡಿ.”

ಆ ಕಡೆ ಕಾಗದ ತಿರುವುವ ಸದ್ದು. “ಕಾರಣ ಬರೀಬೇಕಮ್ಮ. ಜ್ವರನಾ? ಊರಲ್ಲಿಲ್ವಾ?”

ಸೂಜಿ ಮಂಚದ ಮೇಲಿದ್ದ ಅಮ್ಮನ ಕಡೆ ನೋಡಿದಳು.

“ಸರಿ, ಮನೆ ಕಾರಣ ಅಂತ ಹಾಕ್ಕೊಳ್ತೀನಿ” ಎಂದು ಆ ಕಡೆಯ ಹುಡುಗಿ ಫೋನು ಇಟ್ಟುಬಿಟ್ಟಳು.

“ಏನಂದ್ರು?” ಎಂದ ಅಪ್ಪ.

“ಬರ್ಕೊಂಡ್ರು.”

ಅಪ್ಪ ಫೈಲನ್ನು ಮಂಚದ ಕೆಳಗೆ ತಳ್ಳಿ, ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದ.