ಡಲ್ಸಿಯ ಗಟ್ಟಿ, ನೆವಿಲ್‌ನ ಟೋಪಿ

ಲಿಯೊನೋರಾ ಪೇಟೆಯ ಆಚೆ ಕೆಂಪು ಬಯಲಿನಲ್ಲಿ ನಮ್ಮದು ಮೂರು ಕ್ಯಾರವಾನ್‌ಗಳ ಊರು. ಒಂದರಲ್ಲಿ ನಾನು, ಒಂದರಲ್ಲಿ ಈ ವರ್ಷ ಹೊಸದಾಗಿ ಬಂದ ಹರ್ಬಿ, ಇನ್ನೊಂದರಲ್ಲಿ ನೆವಿಲ್ ಮತ್ತು ಅವನ ಹೆಂಡತಿ ಡಲ್ಸಿ. ಚಳಿಗಾಲ ಪೂರ್ತಿ ಎಲ್ಲರದೂ ಒಂದೇ ಕಸುಬು: ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಮೆಟಲ್ ಡಿಟೆಕ್ಟರನ್ನು ನೆಲದ ಮೇಲೆ ಸವರುತ್ತ ಚಿನ್ನದ ಗಟ್ಟಿ ಹುಡುಕುವುದು. ಸಿಗುವುದು ಮೊಳೆ.

ನೆವಿಲ್ ಇಪ್ಪತ್ತು ವರ್ಷದಲ್ಲಿ ಹುಡುಕಿದ ಚಿನ್ನವನ್ನೆಲ್ಲ ಬೆಂಕಿಪೊಟ್ಟಣಕ್ಕೆ ಹಾಕಿ ಅಲ್ಲಾಡಿಸಿದರೆ ಸದ್ದು ಬರುತ್ತದೆ, ಅಷ್ಟೆ. ಡಲ್ಸಿ ಮಾತ್ರ ಮೊದಲ ವರ್ಷವೇ, ಯಂತ್ರದ ಗೊಡವೆಯಿಲ್ಲದೆ, ಪೊದೆಯ ಮರೆಗೆ ಹೋಗಿದ್ದಾಗ ಚಪ್ಪಲಿಗೆ ತಾಗಿದ ಒಂದು ಗಟ್ಟಿ ತಂದಿದ್ದಳು. ಆಲೂಗಡ್ಡೆಗೆ ಮೂಗು ಬಂದ ಹಾಗಿದೆ. ಅದನ್ನು ಸೂಜಿದಾರದ ಡಬ್ಬಿಯಲ್ಲಿಟ್ಟಿದ್ದಾಳೆ. ಗಂಡ ಹೆಂಡಿರ ಜಗಳ ಯಾವುದಕ್ಕೇ ಶುರುವಾಗಲಿ, ಆ ಡಬ್ಬಿಯ ಮುಚ್ಚಳ ತೆರೆದಲ್ಲಿಗೆ ಮುಗಿಯುತ್ತದೆ.

ಆ ಗುರುವಾರ ಡಲ್ಸಿ ದಿನಸಿಗೆಂದು ಪೇಟೆಗೆ ಹೋದಳು. ಇತ್ತ ನೆವಿಲ್‌ಗೆ ಹೊಸ ಯಂತ್ರ ಬಂದಿತ್ತು. ಹೊಸದನ್ನು ಪಳಗಿಸಲು ಒಂದು ಗಟ್ಟಿಯನ್ನು ಗೇಣಾಳ ಹೂತು ಅದರ ಸದ್ದು ಕೇಳಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅವನು ಹೆಂಡತಿಯ ಗಟ್ಟಿ ತೆಗೆದ, ಹೂತ, ಗುರುತಿಗೆ ಮೇಲೆ ಟೋಪಿ ಇಟ್ಟ, ಬ್ಯಾಟರಿ ತರಲು ಹೋದ. ಬರುವಷ್ಟರಲ್ಲಿ ಸುಂಟರಗಾಳಿಯೊಂದು ಟೋಪಿಯನ್ನು ಎತ್ತಿಕೊಂಡು ಬಂದು ನನ್ನ ಬಾಗಿಲಲ್ಲಿ ಇಳಿಸಿತ್ತು.

"ಡಲ್ಸಿ ಬರೋದ್ರೊಳಗೆ ಸಿಗ್ಲಿಲ್ಲ ಅಂದ್ರೆ ನನ್ನೂ ಗೇಣುದ್ದ ಹೂತ್‌ಬಿಡ್ತಾಳೆ ಮಾರಾಯ," ಎಂದ ನೆವಿಲ್.

"ಗೇಣು ಸಾಲಲ್ಲ. ಹೊಟ್ಟೆ ಮೇಲೇ ಉಳ್ಕೊಳುತ್ತೆ," ಎಂದು ಟೋಪಿ ಕೊಟ್ಟೆ.

ಹೊಸ ಯಂತ್ರ ಬಲು ಚುರುಕು. ಮೊಳೆಗೆ ಕೂಗಿತು, ಬಾಟಲಿ ಮುಚ್ಚಳಕ್ಕೆ ಕೂಗಿತು, ಯಾರ ಮುತ್ತಜ್ಜನೋ ತಿಂದೆಸೆದ ಮೀನಿನ ಡಬ್ಬಿಗೂ ಕೂಗಿತು. ಪ್ರತಿ ಸಲವೂ ನೆವಿಲ್ ಅಗೆದ. ಗುಂಡಿ ಮುಚ್ಚದೆ ಹೋಗುವವನನ್ನು ನಾವು ಮನುಷ್ಯನೆಂದು ಪರಿಗಣಿಸುವುದಿಲ್ಲ. ನೆವಿಲ್ ಈ ವಿಷಯದಲ್ಲಿ ಕಟ್ಟಾ ಸಂಪ್ರದಾಯಸ್ಥ. ಒಂದೊಂದನ್ನೂ ಮುಚ್ಚಿ, ತುಳಿದು, ಮೇಲೆ ಕಲ್ಲು ಹರಡಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಅಗೆದಿದ್ದೇನೆ, ಎಲ್ಲಿ ಅಗೆದಿಲ್ಲ ಎಂಬುದು ಅವನಿಗೇ ತಿಳಿಯದಾಯಿತು. ಸೋತು ಹೋಗಿ ಮಲಗಿದ.

ಒಬ್ಬ ಇಷ್ಟೊಂದು ಅಗೆಯಬೇಕಾದರೆ ಅಲ್ಲಿ ಏನೋ ಇರಲೇಬೇಕು ಎಂದುಕೊಂಡ ಹರ್ಬಿ, ಗೊರಕೆ ಕೇಳಿಸಿದ ಮೇಲೆ ಮೆಲ್ಲಗೆ ಆ ಜಾಗಕ್ಕೆ ಇಳಿದದ್ದನ್ನು ನಾನು ಕಂಡೆ.

ನಾಲ್ಕರ ಚಹಾಕ್ಕೆ ಡಲ್ಸಿಯೂ ಬಂದಿದ್ದಳು. ಹರ್ಬಿ ಮುಷ್ಟಿ ಬಿಚ್ಚಿದ. ಮೂಗುಳ್ಳ ಆಲೂಗಡ್ಡೆ.

"ಎಲ್ಲಿ ಸಿಕ್ತು?" ನೆವಿಲ್‌ನ ದನಿ ಸಣ್ಣಗಾಗಿತ್ತು.

"ಅದನ್ನ ಯಾರೂ ಯಾರ್ನೂ ಕೇಳ್ಬಾರ್ದು ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

ಇನ್ನೊಬ್ಬನ ಜಾಗಕ್ಕೆ ನುಗ್ಗಿದ್ದನ್ನು ಹರ್ಬಿ ಹೇಳುವಂತಿಲ್ಲ. ಗಟ್ಟಿ ಯಾರದೆಂದು ನೆವಿಲ್ ಬಾಯಿ ಬಿಡುವಂತಿಲ್ಲ. ನಾನು ಬಿಸ್ಕತ್ತು ಅದ್ದಿಕೊಂಡು ಕೂತೆ.

ಡಲ್ಸಿ ಕನ್ನಡಕ ಏರಿಸಿದಳು. "ಮೂಗಿನ ಮೇಲೆ ಗುಲಾಬಿ ಚುಕ್ಕೆ ಇದೆಯಲ್ಲೋ, ಏನದು?"

"ಅದೊಂಥರಾ ಖನಿಜ ಕಣಕ್ಕಾ. ಸಾವಿರಕ್ಕೊಂದ್ರಲ್ಲಿ ಇರುತ್ತೆ. ಓದಿದೀನಿ."

ಡಲ್ಸಿ ತನ್ನ ಬೆರಳುಗಳನ್ನು ಗಟ್ಟಿಯ ಪಕ್ಕ ಹರಡಿದಳು. ಐದು ಉಗುರಿನ ಮೇಲೂ ಅದೇ ಖನಿಜ.

ನೆವಿಲ್ ಟೋಪಿಯನ್ನು ಮುಖಕ್ಕೆಳೆದುಕೊಂಡ. "ಮಿಷಿನ್ ಪಳಗಿಸ್ಬೇಕಿತ್ತು. ಹೂತಿದ್ದೆ," ಎಂದ ಅದರೊಳಗಿಂದ.

"ಅಂದ್ರೆ ಇದನ್ನ ಒಂದ್ಸಲ ನನ್ ಚಪ್ಪಲಿ ಹುಡುಕ್ತು, ಒಂದ್ಸಲ ಹರ್ಬಿ ಹುಡುಕ್ದ. ನೀನು ನಿನ್ ಕೈಯಾರೆ ಹೂತಿದ್ದನ್ನೂ..." ಮುಂದಿನದು ಬೇಕಾಗಲಿಲ್ಲ. ಅವಳು ಗಟ್ಟಿಯನ್ನು ಏಪ್ರನ್ ಜೇಬಿಗೆ ಹಾಕಿ ಎದ್ದು ಹೋದಳು.

ನೆವಿಲ್ ಕುರ್ಚಿ ಎಳೆದುಕೊಂಡು ಹರ್ಬಿಯ ಪಕ್ಕ ಕೂತ. "ಈಗಾದ್ರೂ ಹೇಳೋ. ಎಲ್ಲಿತ್ತು ಅದು?"

"ಬೇಜಾರ್ ಮಾಡ್ಕೋಬೇಡ ನೆವಿಲಣ್ಣ," ಎಂದ ಹರ್ಬಿ. "ಒಳ್ಳೇ ಜಾಗ. ನಾಳೆ ಇನ್ನೂ ಅಗೀಬೇಕು ಅಂತಿದೀನಿ."